ಕೊಂಬೇರಿ ಅಲ್ಲದ ಹಾವು

ಮಣಲಿ, ಚೆನ್ನೈ
14 ಅಕ್ಟೋಬರ್ 2024

ಪ್ರಣಮ್ಯಾ,

ನೀನು ಹೋಗಿ ಹನ್ನೆರಡು ದಿನ. ಹಾವಿನ ಹೆಸರು ಹೇಳುವ ಕೆಲಸಕ್ಕೆಂದು ಇಪ್ಪತ್ತೈದರ ಹುಡುಗಿಯನ್ನು ಆಫ್ರಿಕಾದ ಕಾಡಿಗೆ ಕಳಿಸಿದ್ದು ನಾನೇ ಎಂದು ನಿನ್ನ ಅಪ್ಪ ಗಂಗಾಧರ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. "ಅಮ್ಮ, ಚಟ್ನಿಗೆ ಉಪ್ಪು ಕಡಿಮೆ" ಎನ್ನುವುದನ್ನು ಮಾತು ಎಂದು ಹಿಡಿದರೆ ದಿನಕ್ಕೆ ಒಂದು ಮಾತು ಆಡುತ್ತಾನೆ. ಆಡದಿದ್ದರೆ ಬೇಡ. ಅವನು ಹುಟ್ಟುವ ಮೊದಲೂ ನಾನು ಇದ್ದೆ.

ಫೋನಿನ ಮಾತು ನನಗೆ ಒಗ್ಗುವುದಿಲ್ಲ. ನಮ್ಮ ಹೋಟೆಲಿನಲ್ಲಿ ಫೋನು ಹಿಡಿದರೆ ಎಂಟೂ ಟೇಬಲ್ಲಿಗೆ ಕೇಳುತ್ತದೆ. ಹೀಗೆ ಮಾಡು. ನಾನು ಕಾಗದದಲ್ಲಿ ಬರೆಯುತ್ತೇನೆ, ಕ್ಯಾಶಿನಲ್ಲಿ ಕೂರುವ ಅಜಿತ್ ಫೋಟೋ ತೆಗೆದು ನಿನಗೆ ಕಳಿಸುತ್ತಾನೆ. ನೀನೂ ಕಾಗದದಲ್ಲಿ ಬರೆದು ಹಾಗೇ ಕಳಿಸು. ಓದುವುದಿಲ್ಲ ಎಂದು ಅವನು ಆಣೆ ಹಾಕಿದ್ದಾನೆ. ಇಲ್ಲೇ ತಮಿಳು ಶಾಲೆಯಲ್ಲಿ ಕಲಿತವನು, ಓದಿದರೂ ಏನೂ ಹತ್ತುವುದಿಲ್ಲ. ನನ್ನದು ಮೂರನೇ ಕ್ಲಾಸು, ಅದರಲ್ಲೂ ಮಳೆಗಾಲ ಹೊಳೆ ದಾಟಲಾಗದೆ ಅರ್ಧ ಹೋಯಿತು. ಒತ್ತು ಬಿಟ್ಟಲ್ಲಿ ನೀನೇ ಹಾಕಿಕೊಂಡು ಓದು.

ಜನವರಿ ಮೂವತ್ತೊಂದರವರೆಗೆ ನಿನಗೆ ಪರೀಕ್ಷೆಯ ಕಾಲ. ಕಂಡ ಹಾವನ್ನು ಇದು ಇಂಥದ್ದೇ ಎಂದು ಸರಿಯಾಗಿ ಹೇಳಿದರೆ ಕೆಲಸ ಖಾಯಂ. ಇಲ್ಲದಿದ್ದರೆ ವಾಪಸ್ಸು ಬಂದು, ನಿನ್ನ ಅಪ್ಪ ಮಾಧವರಂನಲ್ಲಿ ಹೇಳಿಟ್ಟಿರುವ ಶಾಲೆಯಲ್ಲಿ ಟೀಚರ್. ಟೀಚರ್ ಕೆಲಸ ಕೆಟ್ಟದ್ದೇನಲ್ಲ. ಆದರೆ ಆರನೇ ವರ್ಷಕ್ಕೇ ಹಿಂದಿನ ಕಾಲುವೆಯಿಂದ ನೀರು ಹಾವನ್ನು ಸಾಂಬಾರಿನ ಬಕೆಟ್ಟಿನಲ್ಲಿ ಹೊತ್ತು ತಂದವಳು ನೀನು. ಸೀಮೆಸುಣ್ಣದ ಕೈಯಲ್ಲ ಅದು.

ನಾನು ಹೇಳಿಕೊಟ್ಟದ್ದು ನೆನಪಿರಲಿ. ಬೈಂದೂರಿನ ಕಡೆ ನಮ್ಮ ಊರಲ್ಲಿ ಕೊಂಬೇರಿ ಎಂದರೆ ಎಲ್ಲರಿಗೂ ಜೀವ ಬಾಯಿಗೆ. ಕಚ್ಚಿದ ಮೇಲೆ ಮರ ಹತ್ತಿ ಕೂರುತ್ತದೆ, ಕಚ್ಚಿಸಿಕೊಂಡವನ ಚಿತೆಯ ಹೊಗೆ ಕಂಡೇ ಇಳಿಯುತ್ತದೆ ಎನ್ನುತ್ತಿದ್ದರು. ಹತ್ತು ವರ್ಷದವಳು ನಾನು ಅದನ್ನು ಕೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತೆ. ಗಂಡಸರೆಲ್ಲ ಜಗಲಿ ಹತ್ತಿದರು. ಯಾಕೆ ಹಿಡಿದೆ? ಕಣ್ಣು ನೋಡಿದೆ. ಮೈ ಸಪೂರ, ಕಣ್ಣು ದೊಡ್ಡದು. ದೊಡ್ಡ ಕಣ್ಣಿನದು ಸಾಧು. ಕಿರುಗಣ್ಣಿನದ್ದು ಕಂಡರೆ ದೂರ ನಿಲ್ಲು.

ಸರಸ, ಎಂದರೆ ನಿನ್ನ ಅಜ್ಜಿ


ಲುವಾಂಗ್ವಾ ನದಿಯ ಹತ್ತಿರ, ಜಾಂಬಿಯಾ
27 ಅಕ್ಟೋಬರ್ 2024

ಅಜ್ಜಿ,

ನಿನ್ನ ಕಾಗದ ಪೇಟೆಯಲ್ಲಿ ಓದಿದೆ. ನಮ್ಮ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ಭಾನುವಾರ ಸಾಮಾನು ತರಲು ಗಾಡಿ ಪೇಟೆಗೆ ಹೋಗುತ್ತದೆ, ಆಗ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ.

ಹಾವುಗಳ ವಿಷಯ ಹೇಳಲೇ? ಪಫ್ ಆಡರ್ ಎಂದು ಒಂದಿದೆ, ನಮ್ಮ ಕೊಳಕುಮಂಡಲದ ದಾಯಾದಿ ಇದ್ದ ಹಾಗೆ. ಕಾಲುದಾರಿಯ ನಡುವೆ ಮಲಗಿ ಏಳುವುದೇ ಇಲ್ಲ. ಇನ್ನೊಂದು ನಾಗರ ದೂರದಿಂದಲೇ ಕಣ್ಣಿಗೆ ವಿಷ ಉಗುಳುತ್ತದೆ. ಕೈ ಮುಗಿದು ನಿಂತರೆ ಮುಗಿಯಿತು. ಕಪ್ಪು ಮಾಂಬಾ ಕಪ್ಪಲ್ಲ ಅಜ್ಜಿ, ಬೂದಿ ಬಣ್ಣ. ಬಾಯಿಯ ಒಳಗೆ ಮಾತ್ರ ಕಪ್ಪು.

ನನ್ನ ಮೇಲಿನವರು ಡಾಕ್ಟರ್ ತೆಂಬೊ. ಐವತ್ತು ದಾಟಿದ ಹೆಂಗಸು, ಕಡಿಮೆ ಮಾತು. ಅವರ ಹಾಳೆಯಲ್ಲಿ ಹನ್ನೊಂದು ಕಾಲಂ. ಉದ್ದ, ಬಣ್ಣ, ತಲೆಯ ಆಕಾರ, ಕಣ್ಣು, ಚಿಪ್ಪು ನುಣುಪೋ ಒರಟೋ, ಎಲ್ಲ ಬರೆದು ಕೊನೆಯ ಕಾಲಂನಲ್ಲಿ ಹೆಸರು. ನನಗೆ ಹೆಸರು ಕಂಡ ಕ್ಷಣಕ್ಕೇ ಬಾಯಿಗೆ ಬಂದಿರುತ್ತದೆ. ಇಲ್ಲಿಯವರೆಗೆ ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ. ಆದರೂ ಅವರು "ಹತ್ತು ಕಾಲಂ ಎಲ್ಲಿ?" ಎನ್ನುತ್ತಾರೆ.

ಕ್ಯಾಂಪಿನ ಅಡುಗೆಯವನು ಮುಲೆಂಗಾ. ನೀನು ಕಟ್ಟಿಕೊಟ್ಟ ಸಾರಿನ ಪುಡಿಯ ಅರ್ಧ ಅವನೇ ಮುಗಿಸಿದ. ಅಡುಗೆಮನೆಯ ಸುತ್ತ ಏನು ಹರಿದರೂ ಓಡಿ ಬಂದು ನನ್ನನ್ನು ಕೇಳುತ್ತಾನೆ. ಕೆಲಸದವರು ತಾವಾಗಿ ಹಾವು ಮುಟ್ಟಬಾರದು, ನಾನೋ ತೆಂಬೊ ಅವರೋ ಹೇಳಬೇಕು ಎಂದು ನಿಯಮ.

ಪ್ರಣಮ್ಯಾ


ಮಣಲಿ
8 ನವೆಂಬರ್ 2024

ಪ್ರಣಮ್ಯಾ,

ಹದಿನಾಲ್ಕಕ್ಕೆ ಹದಿನಾಲ್ಕು ಎಂದು ನಿನ್ನ ಅಪ್ಪನಿಗೆ ಕೇಳುವ ಹಾಗೆ ಅಜಿತನಿಗೆ ಹೇಳಿದೆ. ಅಪ್ಪ ದೋಸೆ ಮಗುಚುತ್ತಿದ್ದ. ಆ ದೋಸೆ ಸೀದು ಹೋಯಿತು.

ಇಲ್ಲಿ ಮಳೆ ಹಿಡಿದಿದೆ. ರಿಫೈನರಿ ಗೇಟಿನ ಹತ್ತಿರ ಮೊಣಕಾಲು ನೀರು, ಬೆಳಗಿನ ಪಾಳಿಯವರು ಚಪ್ಪಲಿ ಕೈಯಲ್ಲಿ ಹಿಡಿದು ಪೊಂಗಲ್ ತಿನ್ನಲು ಬರುತ್ತಾರೆ. ಕಾಲುವೆಯ ಹಾವುಗಳಿಗೂ ಮನೆ ಬೇಡವೇ? ಎಲ್ಲರ ಮನೆಗೂ ಬರುತ್ತಿವೆ. ನಿನ್ನೆ ಒಬ್ಬ ಫೋನು ನನ್ನ ಮೂಗಿಗೆ ಹಿಡಿದು, "ಪಾಟಿ, ಇದು ಎನ್ನ ಪಾಂಬು?" ಎಂದು ಹಾವಿನ ಹೆಸರು ಕೇಳಿದ. ಊರಿಗೆಲ್ಲ ನಾನೇ ಪಾಟಿ, ಅಜ್ಜಿ. ಕಣ್ಣು ನೋಡಿದೆ, ಕೇರೆ. "ಸಾರೈ ಪಾಂಬು. ಎಲಿ ತಿನ್ನ ವಂದಿರುಕ್ಕು, ಉನ್ನೈ ತಿನ್ನಾದು. ಪೋ, ಕಾಫಿ ಕುಡಿ" ಎಂದೆ. ಇಲಿಗೆ ಬಂದ ಹಾವು ಅವನನ್ನು ತಿನ್ನುತ್ತದೆಯೇ? ಅವನು ಕಾಫಿ ಕುಡಿದು ಹೋದ. ನನಗೆ ಎಷ್ಟು ಕಾಲಂ ಬೇಕಾಯಿತು?

ಆ ತೆಂಬೊ ಅಮ್ಮನಿಗೆ ಹೇಳು: ನೀವು ಹತ್ತು ಕಾಲಂ ತುಂಬುವುದರೊಳಗೆ ಹಾವು ಮಾವನ ಮನೆಗೆ ಹೋಗಿ ಊಟ ಮಾಡಿ ಬರುತ್ತದೆ ಎಂದು. ಮೊದಲು ಹೆಸರು ಹೇಳು, ಜನರಿಗೆ ಬೇಕಾದ್ದು ಅದು. ಉಳಿದದ್ದು ಊಟವಾದ ಮೇಲೆ ನಿಧಾನಕ್ಕೆ ತುಂಬು. ಕಣ್ಣು ನೋಡು, ಸಾಕು.

ಅಜ್ಜಿ


ಜಾಂಬಿಯಾ
1 ಡಿಸೆಂಬರ್ 2024

ಅಜ್ಜಿ,

ಮೂರು ವಾರ ಉತ್ತರ ಬರೆಯಲಿಲ್ಲ, ಬೇಸರ ಮಾಡಬೇಡ. ಇಲ್ಲಿ ಎಲ್ಲ ಚೆನ್ನಾಗಿದೆ. ಮಳೆ ಶುರುವಾಗಿದೆ. ಹುಲ್ಲು ಹಸಿರಾಗಿದೆ. ಬೆಳಿಗ್ಗೆ ಸ್ವಲ್ಪ ಚಳಿ. ಅಲ್ಲಿ ಚಂಡಮಾರುತ ಎಂದು ಕೇಳಿದೆ, ಜಾಗ್ರತೆ. ನಿನ್ನ ಮೊಣಕಾಲು ಹೇಗಿದೆ? ಅಪ್ಪ ಹೇಗಿದ್ದಾರೆ? ಮಾಧವರಂನ ಶಾಲೆಯವರು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವೇ? ಸುಮ್ಮನೆ ಕೇಳಿದೆ.

ಪ್ರಣಮ್ಯಾ


ಮಣಲಿ
7 ಡಿಸೆಂಬರ್ 2024

ಹೆಣೇ, ಹುಡುಗಿ ಪ್ರಣಮ್ಯಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹೆಣ್ಣು ನೋಡಲು ಬಂದವರು ಕಾಫಿ ಬರುವವರೆಗೆ ಆಡುವ ಮಾತಿನ ಹಾಗಿದೆ. ಮಳೆಯಂತೆ, ಹುಲ್ಲಂತೆ. ಒಂದೂ ಹಾವಿಲ್ಲ. ಹಾವಿಲ್ಲದೆ ನೀನು ಹತ್ತು ಸಾಲು ಬರೆದದ್ದು ಹುಟ್ಟಿದ ಮೇಲೆ ಇದೇ ಮೊದಲು.

ನನ್ನ ಮೊಣಕಾಲನ್ನು ಯಾವತ್ತು ಕೇಳಿದ್ದೆ ನೀನು?

ನನಗೆ ಅನಿಸುವುದನ್ನು ಹೇಳುತ್ತೇನೆ. ಯಾರೋ ಹುಡುಗನ ಮೇಲೆ ಮನಸ್ಸಾಗಿದೆ. ಅವನು ಬೇಡ ಎಂದಿದ್ದಾನೆ, ಅದಕ್ಕೆ ಊರಿಗೆ ಓಡಿ ಬರುವ ಆಲೋಚನೆ. ಆ ಮುಲೆಂಗಾನೋ? ಸಾರಿನ ಪುಡಿ ಕೊಟ್ಟು ಕೆಡಿಸಿದೆಯಾ? ಇದ್ದರೆ ಹೇಳು, ನಾನು ಬೈಯುವುದು ಒಂದು ದಿನ ಮಾತ್ರ. ಆದರೆ ಗಂಡಸಿನ ಕಾರಣಕ್ಕೆ ಕೆಲಸ ಬಿಟ್ಟು ಬಂದರೆ ಬಾಗಿಲು ತೆಗೆಯುವುದಿಲ್ಲ. ಶಾಲೆಯ ಕೆಲಸ ಹಾಗೇ ಇದೆ. ಇರಲಿ ಬಿಡು ಅದು ಅಲ್ಲೇ.

ಅಜ್ಜಿ


ಜಾಂಬಿಯಾ
22 ಡಿಸೆಂಬರ್ 2024

ಅಜ್ಜಿ,

ಹುಡುಗ ಅಲ್ಲ. ಮುಲೆಂಗಾನಿಗೆ ಹೆಂಡತಿ, ಎರಡು ಮಕ್ಕಳು ಇದ್ದಾರೆ. ಅವನಿಗೆ ಹಾವು ಕಚ್ಚಿತು.

ನವೆಂಬರ್ 19, ಮಂಗಳವಾರ. ಅಡುಗೆಮನೆಯ ಹಿಂದಿನ ಮರದ ಕೆಳಗಿನ ಕೊಂಬೆಯಲ್ಲಿ ಕಂದು ಬಣ್ಣದ ಸಪೂರ ಹಾವು. ಅವನು ಬಂದು ಕೇಳಿದ. ನಾನು ಇಪ್ಪತ್ತು ಅಡಿ ದೂರದಿಂದ ನೋಡಿದೆ. ಇಷ್ಟು ದೊಡ್ಡ ಕಣ್ಣು. "ಪಾಪದ್ದು, ನಮ್ಮೂರ ಕೊಂಬೇರಿಯ ಹಾಗೆ. ಕೈಯಲ್ಲೇ ತೆಗೆದು ಆ ಕಡೆ ಬಿಡು" ಎಂದೆ. ನಗುತ್ತಾ ಹೇಳಿದೆ. ಹಾಳೆಯನ್ನು ತೆಗೆಯಲೇ ಇಲ್ಲ. ಅವನು ಹಿಡಿದ. ಅದು ಬೆರಳುಗಳ ನಡುವೆ ಕಚ್ಚಿ, ಬಿಡದೆ ಅಗಿಯಿತು. ಅವನು ಕೊಡವಿದ ಮೇಲೆ ಮತ್ತೆ ಮರ ಹತ್ತಿತು. ಆಗಲೂ ನಾನು "ಏನೂ ಆಗುವುದಿಲ್ಲ" ಎಂದೆ. ನಿಜಕ್ಕೂ ಆ ದಿನ ಏನೂ ಆಗಲಿಲ್ಲ. ಸಂಜೆ ಅವನು ಎಲ್ಲರಿಗೂ ಬಡಿಸಿದ.

ಮರುದಿನ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ನಿಲ್ಲಲಿಲ್ಲ. ಮಧ್ಯಾಹ್ನ ಮೂಗಿನಿಂದ. ತೆಂಬೊ ಮರದಲ್ಲಿ ಇನ್ನೂ ಕೂತಿದ್ದ ಅದನ್ನು ದುರ್ಬೀನಿನಲ್ಲಿ ನೋಡಿ ಹೆಸರು ಹೇಳಿದರು: ಬೂಮ್‌ಸ್ಲ್ಯಾಂಗ್. ಚಿಪ್ಪು ಒರಟು, ತಲೆ ಮೊಂಡು. ಇಲ್ಲಿನ ಎಲ್ಲ ಹಾವಿಗಿಂತ ದೊಡ್ಡ ಕಣ್ಣು ಅದರದೇ. ಅದರ ವಿಷ ನಿಧಾನಕ್ಕೆ ರಕ್ತ ಕೆಡಿಸುತ್ತದೆ. ಅವನನ್ನು ಸಣ್ಣ ವಿಮಾನದಲ್ಲಿ ಲುಸಾಕಾಕ್ಕೆ ಒಯ್ದರು, ಮದ್ದು ದಕ್ಷಿಣ ಆಫ್ರಿಕಾದಿಂದ ಬರಬೇಕಾಯಿತು. ಹದಿಮೂರು ದಿನ. ಬದುಕಿದ. ಈಗ ಮನೆಯಲ್ಲಿದ್ದಾನೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ತೆಂಬೊ ಕೂಡ. ನಾನೇ ಜನವರಿ ಮೂವತ್ತೊಂದಕ್ಕೆ ಬಿಟ್ಟು ಬರುತ್ತೇನೆ. ಇದರಲ್ಲಿ ನಿನ್ನದೇನೂ ಇಲ್ಲ ಅಜ್ಜಿ, ತಪ್ಪು ನನ್ನದು. ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಸುಬ್ರಹ್ಮಣ್ಯ ದೇವರಿಗೆ ತಪ್ಪುಕಾಣಿಕೆ ಎಂದು ಎತ್ತಿಟ್ಟಿದ್ದೇನೆ. ಬಂದ ಮೇಲೆ ಹೋಗಿ ಹಾಕೋಣ. ಅಪ್ಪನಿಗೆ ಹೇಳಬೇಡ. ಯಾರೂ ಬೈಯುತ್ತಿಲ್ಲ, ಅದು ಬೇರೆ ಕಷ್ಟ.

ಪ್ರಣಮ್ಯಾ


ಮಣಲಿ
27 ಡಿಸೆಂಬರ್ 2024

ಪ್ರಣಮ್ಯಾ,

ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಅಜಿತ್ ದಿನಾ ಕೇಳುತ್ತಾನೆ, "ಏನು ಪಾಟಿ, ಇವತ್ತು ಕಾಗದ ಇಲ್ಲವಾ?" ಎಂದು. ಇವತ್ತು ಇದೆ.

ನನ್ನದೇನೂ ಇಲ್ಲ ಎಂದು ಬರೆದಿದ್ದೀ. ನನ್ನನ್ನು ಸಾಕಬೇಡ. ನಾನೇ ನಿನ್ನನ್ನು ಸಾಕಿದ್ದು.

ಆ ಕೊಂಬೇರಿಯ ಕಥೆ ಕೇಳು. ನಿನಗೂ, ನಿನ್ನ ಅಪ್ಪನಿಗೂ, ತೀರಿಹೋದ ನಿನ್ನ ಅಜ್ಜನಿಗೂ ನಾನು ಹೇಳಿದ್ದು ಸುಳ್ಳು. ಅದನ್ನು ನಾನು ಹಿಡಿಯಲಿಲ್ಲ. ದಾಸವಾಳ ಕೊಯ್ಯುವಾಗ ಅದೇ ನನ್ನ ಮೈಮೇಲೆ ಬಿತ್ತು. ಕೊಡವಲು ಹೋದೆ, ಕಚ್ಚಿತು. ಯಾರೋ "ಕೈಯಲ್ಲಿ ಹಿಡ್ಕಂಡಿದ್ದಾಳೆ" ಎಂದು ಕೂಗಿದರು. ಹಿಡಿದಿದ್ದಾಳೆ ಎಂದ ಮೇಲೆ ಹಿಡಿದೆ. ಕಚ್ಚಿದ ಗುರುತನ್ನು ಲಂಗದ ಅಂಚಿನಲ್ಲಿ ಮುಚ್ಚಿಕೊಂಡೆ. ಎರಡು ದಿನ ಕಂಡ ಕಂಡ ಮರದ ತುದಿ ನೋಡುತ್ತಿದ್ದೆ, ನನ್ನ ಹೊಗೆಗೆ ಕಾದು ಕೂತಿದೆಯೋ ಎಂದು. ಮೂರನೇ ದಿನವೂ ಸಾಯಲಿಲ್ಲ, ಆಗ ಧೈರ್ಯವಂತೆಯಾದೆ. ಕಣ್ಣಿನ ಮಾತು ಆಮೇಲೆ ಸೇರಿಸಿದ್ದು. ಅದು ನೋಡಿ ತಿಳಿದದ್ದಲ್ಲ, ಸಾಯದೆ ಉಳಿದು ತಿಳಿದದ್ದು. ಉಳಿದುಕೊಂಡದ್ದನ್ನು ವಿದ್ಯೆ ಎಂದು ಅರವತ್ತಾರು ವರ್ಷ ಹಂಚಿದೆ. ನಮ್ಮೂರ ನಾಲ್ಕು ಹಾವಿಗೆ ಅದು ಹೊಂದಿಕೊಂಡಿತು. ನಿಮ್ಮ ಕಾಡಿನ ಹಾವು ನನ್ನ ಮಾತು ಕೇಳಿ ಹುಟ್ಟಿದ್ದಲ್ಲ. ಕಾಲಂ ಬೇಡ ಎಂದವಳೂ ನಾನೇ.

ಇನ್ನು ನಿನ್ನ ಪಾಲಿನದು. ಯಾರೂ ಬೈಯಲಿಲ್ಲ ಎಂದು ಎರಡು ಸಲ ಬರೆದಿದ್ದೀ. ನಾನು ಹೋಟೆಲಿನಲ್ಲಿ ಐವತ್ತು ವರ್ಷ ಕಳೆದವಳು. ಸಾಂಬಾರು ಸೀದ ದಿನ ಸೀಯಿಸಿದವನಿಗೆ ಬೈಗುಳ ಬೀಳಲಿಲ್ಲ ಎಂದರೆ, ಬೇರೆ ಯಾರೋ ಅದನ್ನು ತಿಂದಿದ್ದಾನೆ ಎಂದು ಅರ್ಥ. ಹೇಳದೆ ಮುಟ್ಟಬಾರದು ಎಂದು ನಿಯಮ, ನೀನೇ ಬರೆದಿದ್ದೆ. ಹಾಳೆ ತೆಗೆಯಲಿಲ್ಲ, ಅದೂ ನೀನೇ ಬರೆದದ್ದು. ಹಾಗಾದರೆ ನೀನು ಹೇಳಿದೆ ಎಂಬುದಕ್ಕೆ ಅಲ್ಲಿ ಏನಿದೆ? ಮುಲೆಂಗಾ ಮನೆಯಲ್ಲಿದ್ದಾನೆ ಎಂದೆಯಲ್ಲ, ರಜೆಯ ಮೇಲೋ, ಬಿಡಿಸಿದ ಮೇಲೋ?

ಆ ಅರಿಶಿನದ ಬಟ್ಟೆ ಬಿಚ್ಚು. ಹಾವು ಸುಬ್ರಹ್ಮಣ್ಯ ದೇವರಿಗೆ ಕಚ್ಚಿಲ್ಲ. ಮುಲೆಂಗಾನ ಮನೆಗೆ ಹೋಗು, ಅವನ ಮನೆಯ ದೊಡ್ಡವರ ಎದುರು ನಿಂತು ಹೇಳು. ಆಮೇಲೆ ಆಫೀಸಿಗೆ ಹೋಗಿ ಬರೆದು ಕೊಡು. ಕೆಲಸ ಹೋದರೆ ಹೋಯಿತು, ಅವರು ಕಳಿಸಿದರೆ ತಲೆಯೆತ್ತಿ ಬಾ. ನೀನಾಗಿ ಬಿಟ್ಟು ಬಂದರೆ ಮಾತ್ರ ಇಲ್ಲಿ ಅನ್ನ ಹಾಕುವುದಿಲ್ಲ.

ಅಜ್ಜಿ


ಮಣಲಿ
15 ಜನವರಿ 2025

ಹೋದೆಯೋ, ಇಲ್ಲವೋ? ಪೊಂಗಲ್ ಹಬ್ಬ ಆಯಿತು, ಸಕ್ಕರೆ ಪೊಂಗಲ್ ಚೆನ್ನಾಗಿತ್ತು, ಮೊಣಕಾಲು ನೋಯುತ್ತಿದೆ. ನೀನು ಅದನ್ನೆಲ್ಲ ಕೇಳುವುದು ಬೇಡ ಎಂದು ನಾನೇ ಬರೆದೆ. ಹೋದೆಯೋ, ಇಲ್ಲವೋ?

ಅಜ್ಜಿ


ಜಾಂಬಿಯಾ
2 ಫೆಬ್ರವರಿ 2025

ಅಜ್ಜಿ,

ಹೋದೆ. ಎರಡು ಭಾನುವಾರ ಪೇಟೆಯ ಗಾಡಿ ಹತ್ತಿದೆ, ಎರಡು ಸಲವೂ ಅವನ ಹಳ್ಳಿಯ ತಿರುವಿನಲ್ಲಿ ಇಳಿಯದೆ ಮುಂದೆ ಹೋದೆ. ಮೂರನೆಯ ಸಲ ಇಳಿದೆ.

ನೀನು ಊಹಿಸಿದ್ದು ಸರಿ. ನಿಯಮ ಮುರಿದ ಎಂದು ಅವನನ್ನು ಬಿಡಿಸಿದ್ದರು. ತಿಂಗಳ ಹಿಂದೆಯೇ ನನಗೆ ಗೊತ್ತಿತ್ತು. ನಿನಗೆ ಬರೆಯಲಿಲ್ಲ.

ಮುಲೆಂಗಾ ಅಂಗಳದಲ್ಲಿ ಕೂತಿದ್ದ, ಅವನ ಅಜ್ಜಿ ಶೇಂಗಾ ಸುಲಿಯುತ್ತಿದ್ದರು. ಇಲ್ಲಿ ಅಜ್ಜಿಗೆ ಅಂಬುಯಾ ಎನ್ನುತ್ತಾರೆ. ಊರವರು ಅವನನ್ನು, ಹಾವಿನ ಜೊತೆ ಹುಡುಗಾಟ ಮಾಡಲು ಹೋಗಿ ಕೆಲಸ ಕಳೆದುಕೊಂಡವನು ಎಂದು ಆಡಿಕೊಳ್ಳುತ್ತಿದ್ದರಂತೆ. ನನಗೆ ಬರುವಷ್ಟು ಅವರ ಭಾಷೆಯಲ್ಲಿ ಹೇಳಿದೆ: ಪಾಪದ್ದು ಎಂದವಳು ನಾನು, ಹಿಡಿ ಎಂದವಳು ನಾನು.

"ನೀನು ಆಫೀಸಿನಲ್ಲಿ ಯಾಕೆ ನನ್ನ ಹೆಸರು ಹೇಳಲಿಲ್ಲ?" ಎಂದು ಅವನನ್ನು ಕೇಳಿದೆ.

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದ.

ಅಂಬುಯಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ದೊಡ್ಡ ಕಣ್ಣಿನದು ಒಳ್ಳೆಯದು ಅಂತ ನಿನಗೆ ಹೇಳಿದ್ದು ಯಾರು?"

"ನನ್ನ ಅಜ್ಜಿ."

"ಅವಳು ಇಲ್ಲಿಗೆ ಬಂದಿದ್ದಾಳಾ?"

"ಇಲ್ಲ."

"ನಮ್ಮ ಮರ ನೋಡಿದ್ದಾಳಾ?"

"ಇಲ್ಲ."

"ಬಾಯಿ ಮಾತ್ರ ಇಷ್ಟು ದೂರ ಬಂತಾ?" ಎಂದರು. ಆಮೇಲೆ, "ಮೊದಲು ಆಫೀಸಿಗೆ ಹೋಗು. ಊಟ ಆಮೇಲೆ" ಎಂದು ನನ್ನನ್ನು ಎಬ್ಬಿಸಿ ಕಳಿಸಿದರು.

ತೆಂಬೊ ಖಾಲಿ ಹಾಳೆ ಕೊಟ್ಟು, "ಆ ದಿನದ್ದು ಈಗ ಬರೆ" ಎಂದರು. ಹತ್ತು ಕಾಲಂ ನೆನಪಿನಿಂದ ತುಂಬಲು ಹೋದರೆ ಬಣ್ಣ ಮತ್ತು ಕಣ್ಣು ಬಿಟ್ಟು ಏನೂ ಇಲ್ಲ. ಉಳಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಎಂಟು ಕಡೆ "ನೋಡಲಿಲ್ಲ" ಎಂದು ಬರೆದೆ. ಕೊನೆಯದರಲ್ಲಿ, ತಪ್ಪು ಹೆಸರು ಹೇಳಿ ಮುಲೆಂಗಾನಿಗೆ ಕೈಯಲ್ಲಿ ಹಿಡಿಯಲು ಹೇಳಿದವಳು ನಾನು ಎಂದು ಬರೆದು ಸಹಿ ಹಾಕಿದೆ.

ಮೊನ್ನೆ ಮೂವತ್ತೊಂದಕ್ಕೆ ತೀರ್ಮಾನ ಬಂತು. ಮುಲೆಂಗಾನನ್ನು ವಾಪಸ್ಸು ತೆಗೆದುಕೊಂಡಿದ್ದಾರೆ. ನಾನು ಪಾಸಾಗಲಿಲ್ಲ. ಆದರೆ ಎರಡು ಬೆರಳು ಮಡಚದವನು ದೊಡ್ಡ ಪಾತ್ರೆ ಇಳಿಸುವುದು ಹೇಗೆ? ಅಡುಗೆಮನೆಗೆ ಇನ್ನೊಂದು ಕೈ ಬೇಕು, ನಾನು ಹೋಟೆಲಿನಲ್ಲಿ ಬೆಳೆದವಳು, ನನ್ನನ್ನು ಹಾಕಿ ಎಂದು ಕೇಳಿದೆ. ತೆಂಬೊ ಷರತ್ತು ಹಾಕಿ ಒಪ್ಪಿದರು. ಜೂನ್‌ವರೆಗೆ ಅಡುಗೆಮನೆ. ಅಷ್ಟರವರೆಗೆ ಯಾವ ಹಾವಿನ ಹೆಸರನ್ನೂ ನಾನು ಬಾಯಿಬಿಟ್ಟು ಹೇಳುವಂತಿಲ್ಲ, ಹಾಳೆ ತುಂಬಿ ಅವರಿಗೆ ಕೊಡಬಹುದು. ಜೂನ್‌ನಲ್ಲಿ ಮತ್ತೆ ಮೊದಲಿಂದ ಪರೀಕ್ಷೆ. ಅಡುಗೆಮನೆ ನಾಳೆಯಿಂದ ಶುರು.

ನಾನು ಬರುತ್ತಿಲ್ಲ ಅಜ್ಜಿ. ಅಪ್ಪನಿಗೆ ಏನು ಹೇಳುತ್ತೀ?

ಪ್ರಣಮ್ಯಾ


ಮಣಲಿ
10 ಫೆಬ್ರವರಿ 2025

ಪ್ರಣಮ್ಯಾ,

ನಿನ್ನ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನನ್ನ ಕೊಂಬೇರಿಯ ಸುಳ್ಳನ್ನೂ ಸೇರಿಸಿ. ಮಧ್ಯಾಹ್ನ ಶಟರ್ ಅರ್ಧ ಇಳಿಸಿದ್ದ ಹೊತ್ತು. ಎಲ್ಲ ಕೇಳಿ, "ಹಾವ್ ಬಿಟ್ಟ್ ಸೌಟ್ ಹಿಡುಕೆ ಆಫ್ರಿಕಾಕ್ಕೆ ಹೋಯ್ಕಿತ್ತಾ? ಇಲ್ಲ್ ಸೌಟಿಗೆ ಬರಗಾಲ್ವಾ?" ಎಂದ.

"ಇಲ್ಲಿ ಅವಳು ಯಾರ ಕೈಯನ್ನೂ ಕೆಡಿಸಿಲ್ಲ" ಎಂದೆ.

ಎದ್ದು ಹೋಗಿ ಗಿರಾಕಿಗಳ ಲೋಟ ಎಲ್ಲ ಒಬ್ಬನೇ ತೊಳೆದ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದ. ಸಂಜೆ ಶಾಲೆಯವರಿಗೆ ತಾನೇ ಫೋನು ಮಾಡಿ, ಮಗಳು ಬರುವುದಿಲ್ಲ ಎಂದ. ಈಗ ನನ್ನ ಹತ್ತಿರ ಉಪ್ಪಿನ ಮಾತು ಬಿಟ್ಟು ಬೇರೆಯದೂ ಆಡುತ್ತಿದ್ದಾನೆ.

ಫೋನಿನಲ್ಲಿ ಹಾವು ತೋರಿಸಲು ಬರುವವರಿಗೆ ನಾನು ಹೆಸರು ಹೇಳುವುದನ್ನು ನಿಲ್ಲಿಸಿದ್ದೇನೆ. ದೂರ ನಿಲ್ಲು, ಅರಣ್ಯ ಇಲಾಖೆಗೆ ಫೋನು ಮಾಡು ಎನ್ನುತ್ತೇನೆ. ಪಾಟಿಗೆ ಕಣ್ಣು ಮಂಜಾಗಿದೆ ಎನ್ನುತ್ತಾರೆ. ಅನ್ನಲಿ.

ಕೆಳಗಿನದು ನಿನಗಲ್ಲ. ಮುಲೆಂಗಾನ ಅಜ್ಜಿಗೆ ಓದಿ ಹೇಳು. ಒಂದು ಮಾತೂ ಬಿಡಬೇಡ, ನಡುವೆ ಸಕ್ಕರೆ ಹಾಕಬೇಡ.

ಅಮ್ಮಾ,

ನಿಮ್ಮ ಹೆಸರು ಹುಡುಗಿ ಬರೆದಿಲ್ಲ. ನಾನು ಸರಸ, ಅವಳ ಅಜ್ಜಿ. ಬಾಯಿ ಮಾತ್ರ ಇಷ್ಟು ದೂರ ಬಂತಾ ಎಂದು ಕೇಳಿದಿರಂತೆ. ಹೌದು, ಬಂತು. ನಿಮ್ಮ ಮರ ನೋಡದೆ, ನಿಮ್ಮ ಹಾವು ನೋಡದೆ, ಯಾರೂ ಕೇಳದೆ ಬಂತು. ಹುಡುಗಿ ತನ್ನ ಪಾಲಿನದನ್ನು ಬರೆದು ಸಹಿ ಹಾಕಿದ್ದಾಳೆ. ಇದು ನನ್ನ ಪಾಲಿನದು, ಕೆಳಗೆ ನನ್ನ ಸಹಿ ಇದೆ.

ಕ್ಷಮಿಸಿ ಎಂದು ಈಗ ಕೇಳುವುದಿಲ್ಲ. ನಿಮ್ಮ ಮೊಮ್ಮಗನ ಬೆರಳು ಮಡಚಿದ ಮೇಲೆ ಕೇಳುತ್ತೇನೆ. ದಿನಕ್ಕೆ ಎರಡು ಸಲ ಬಿಸಿನೀರಿನಲ್ಲಿ ಕೈ ಇಟ್ಟು, ಚಪಾತಿ ಹಿಟ್ಟಿನ ಉಂಡೆ ಹಿಸುಕಲು ಹೇಳಿ. ಡಾಕ್ಟರು ಬೇಡ ಎಂದರೆ ನನ್ನ ಮಾತು ಬಿಟ್ಟು ಡಾಕ್ಟರ ಮಾತು ಕೇಳಿ.

ನನ್ನ ಮೊಮ್ಮಗಳು ಬೆಳಿಗ್ಗೆ ತಡವಾಗಿ ಏಳುತ್ತಾಳೆ, ನಾಲ್ಕೂವರೆಗೆ ಎಬ್ಬಿಸಲು ನಿಮ್ಮ ಮೊಮ್ಮಗನಿಗೆ ಹೇಳಿ. ಈರುಳ್ಳಿ ದಪ್ಪ ಹೆಚ್ಚುತ್ತಾಳೆ, ಅವನು ತಿದ್ದಲಿ. ಭಾರದ ಪಾತ್ರೆ ಎಲ್ಲ ಅವಳೇ ಇಳಿಸಲಿ. ಅವಳಿಗೆ ಬೇಸರ ಬಂದರೂ ಕಳಿಸಬೇಡಿ. ನಾನು ಕಾಯುತ್ತೇನೆ, ನನಗೆ ಎಪ್ಪತ್ತಾರು, ಇನ್ನೂ ಗಟ್ಟಿ ಇದ್ದೇನೆ.

ಬೆರಳು ಮಡಚಿದ ದಿನ ನನಗೆ ಒಂದು ಸಾಲು ಬರೆಸಿ.

ಸರಸ